ಮೂರನೇ ಕೋಣೆಯಲ್ಲಿ ಕೂಗದೆ ಬಂದವಳು

ಬಾವಿಕಟ್ಟೆಯವರೆಗೆ ಬಂದಿದ್ದಳು. ಇನ್ನು ಐವತ್ತು ಹೆಜ್ಜೆ ಹಾಕಿದ್ದರೆ ಗೇಟು. ಅಲ್ಲಿ ಕಾವಲುಗಾರನ ಕೈಗೆ ಬೀಗದ ಕೈ ಗೊಂಚಲು ಕೊಟ್ಟು, ಮೆಟ್ಟಿಲು ಇಳಿದರೆ ಮನೆ. ಅಷ್ಟರಲ್ಲಿ ಗಕ್ಕನೆ ನಿಂತಳು... ಮೂರನೇ ಕೋಣೆಯಲ್ಲಿ ಕೂಗಿರಲಿಲ್ಲ.

ಇವಳು ಬೇರೆ ಯಾರೂ ಅಲ್ಲ, ನನ್ನ ದೊಡ್ಡಮ್ಮನ ಮಗಳು. ಮನೆಮಂದಿಯೆಲ್ಲ ಗಡಿಬಿಡಿ ಅಂತಲೇ ಕರೆಯುವುದು. ತನ್ನ ಮದುವೆಯ ಫೋಟೋಕ್ಕೆ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ನಿಂತ ಪುಣ್ಯಾತ್ಗಿತ್ತಿ. ನಗಬೇಡಿ, ಕೇಳಿ. ಆ ಗಡಿಬಿಡಿಯೇ ಆವತ್ತು ಅವಳಿಗೆ ಮುಳುವಾಯಿತು.

ಅವಳದು ಬೆಟ್ಟದ ಮೇಲಿನ ಹಳೇ ಪಟ್ಟಣ. ಎತ್ತ ನೋಡಿದರೂ ಮೆಟ್ಟಿಲು, ನಾಲ್ಕು ಮೆಟ್ಟಿಲಿಗೊಬ್ಬ ಚಿತ್ರ ಬರೆಯುವವನು. ಪ್ರವಾಸಿಗರು ಏದುಸಿರು ಬಿಡುತ್ತಾ ಹತ್ತಿ ಬರುತ್ತಾರೆ, ಗಡಿಯಾರದ ಗೋಪುರ ನೋಡುತ್ತಾರೆ, ಕೋಟೆಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಕೊನೆಗೆ ಚಿತ್ರದ ಮನೆ. ಯಾರೋ ಸಿರಿವಂತರು ಮುನ್ನೂರು ವರ್ಷದ ಹಿಂದೆ ಕಟ್ಟಿಸಿದ್ದಂತೆ. ಒಂದರ ಹಿಂದೊಂದು ಆರು ಕೋಣೆ, ನೆಲದಿಂದ ಸೂರಿನವರೆಗೆ ಗೋಡೆ ತುಂಬ ಚಿತ್ರ. ಶನಿವಾರ ಮಾತ್ರ ರಾತ್ರಿ ಎಂಟರವರೆಗೆ ದೀಪದ ಬೆಳಕಿನಲ್ಲಿ ತೋರಿಸುತ್ತಾರೆ.

ಗಡಿಬಿಡಿಗೆ ಅಲ್ಲಿ ಕೋಣೆ ಮುಚ್ಚುವ ಕೆಲಸ. ಆರನೆಯದರಿಂದ ಶುರುಮಾಡಿ ಒಂದೊಂದೇ ಮುಚ್ಚುತ್ತಾ ಹೊರಗೆ ಬರಬೇಕು. ಚಿಲಕಗಳೆಲ್ಲ ಬಾಗಿಲಿನ ಹೊರಮೈಗೆ. ಒಳಗೆ ಯಾರಾದರೂ ಉಳಿದರೆ ಬೆಳಗಿನವರೆಗೆ ಉಳಿದಂತೆಯೇ. ಮುಂಚೆ ಆ ಕೆಲಸದಲ್ಲಿದ್ದ ಅಜ್ಜಿ ಕೈಹಿಡಿದು ಕಲಿಸಿದ್ದಳು.

“ಪ್ರತಿ ಕೋಣೇಲೂ ನಿಂತು ‘ಯಾರಾದ್ರೂ ಇದ್ದೀರಾ’ ಅಂತ ಮೂರು ಸಲ ಕೂಗು. ಹತ್ತು ಉಸಿರು ಕಾಯಿ. ಆಮೇಲೆ ಚಿಲಕ ಹಾಕು.”

“ಮರೆತುಹೋದ್ರೆ ಏನಜ್ಜಿ?”

“ಮರೀಬೇಡ,” ಅಂದು ಅಜ್ಜಿ ಬೇರೆ ಮಾತು ತೆಗೆದಿದ್ದಳು.

ಆವತ್ತು ಮರೆಯಿತು. ಮನೆಯಲ್ಲಿ ಎಂಟು ತಿಂಗಳ ಹೆಣ್ಣು ಕೂಸು. ಬಾಟಲಿ ಬಾಯಿಗಿಟ್ಟರೆ ಉಗುಳುತ್ತದೆ, ತಾಯಿಯ ಹಾಲೇ ಆಗಬೇಕು. ಗಂಡ ಪ್ರವಾಸಿ ಬಸ್ಸಿನ ಡ್ರೈವರು, ಎರಡು ದಿನದ ಓಟಕ್ಕೆ ಹೋಗಿದ್ದ. ಅತ್ತೆಯೊಬ್ಬರೇ ಕೂಸನ್ನು ನೋಡಿಕೊಳ್ಳಬೇಕು. ಒಂಬತ್ತು ಹೊಡೆಯುವಷ್ಟರಲ್ಲಿ ಗಡಿಬಿಡಿ ಮನೆಯಲ್ಲಿಲ್ಲದಿದ್ದರೆ ಕೂಸು ಅತ್ತು ಅತ್ತು ನೀಲಿಗಟ್ಟುತ್ತಿತ್ತು. ಹಾಲು ಕಟ್ಟಿ ಅವಳ ಎದೆಯೂ ಆಗಲೇ ಬಿಗಿಯುತ್ತಿತ್ತು. ಆರು, ಐದು, ನಾಲ್ಕು ಸರಿಯಾಗಿ ಮುಚ್ಚಿದಳು. ಮೂರನೆಯದಕ್ಕೆ ಬಂದಾಗ ಒಂದು ಸಲ ಇಣುಕಿದ್ದಷ್ಟೇ... ಎಳೆದು ಚಿಲಕ ಹಾಕಿಬಿಟ್ಟಳು.

ಬಾವಿಕಟ್ಟೆಯ ಹತ್ತಿರ ನಿಂತು ಯೋಚಿಸಿದಳು. ಇಣುಕಿದ್ದೆನಲ್ಲ, ಯಾರೂ ಇರಲಿಲ್ಲ. ಹೋದರೆ ಆಯಿತು.

ಆಗ ಕೇಳಿಸಿತು.

ಟಕ್... ಟಕ್... ಟಕ್...

ಬೆರಳ ಗೆಣ್ಣಿನಿಂದ ಮರದ ಮೇಲೆ ಬಡಿದ ಸದ್ದು. ಜೋರಾಗಿ ಅಲ್ಲ. ಮಲಗಿದವರು ಎಚ್ಚರವಾಗಬಾರದು ಅಂತ ಬಡಿದ ಹಾಗೆ.

“ಅಯ್ಯೋ ದೇವರೇ, ಯಾರನ್ನೋ ಕೂಡಿಹಾಕಿಬಿಟ್ನಲ್ಲ!” ಅಂದುಕೊಂಡವಳೇ ಓಡಿದಳು. ಮುಂಬಾಗಿಲ ಬಳಿ ಚಪ್ಪಲಿ ಬಿಟ್ಟಳು, ಬೀಗ ತೆಗೆದಳು. ಒಂದನೇ ಕೋಣೆ, ಎರಡನೇ ಕೋಣೆಯ ಚಿಲಕ ತೆಗೆದು ದಾಟಿದಳು. ಮೂರನೆಯದರ ಚಿಲಕ ಸರಿಸಿ, ಬೀಗದ ಕೈ ಗೊಂಚಲನ್ನು ಅದಕ್ಕೇ ನೇತುಹಾಕಿ, ಟಾರ್ಚು ಹಿಡಿದು ಹೊಸ್ತಿಲಲ್ಲಿ ನಿಂತಳು.

“ಯಾರಾದ್ರೂ ಇದ್ದೀರಾ?”

ಮೂಲೆಯಿಂದ ಪಿಸುಮಾತು ಬಂತು. ಹೆಂಗಸಿನ ದನಿ.

“ಇದ್ದೀನಿ...”

“ತಪ್ಪಾಯ್ತಮ್ಮಾ, ನೋಡಲಿಲ್ಲ. ಬನ್ನಿ, ಹೊತ್ತಾಯ್ತು.”

“ಕಾಲು ಮರಗಟ್ಟಿದೆ... ಸ್ವಲ್ಪ ಕೈ ಕೊಡ್ತೀಯಾ?”

ಯಾರಾದರೂ ಇಲ್ಲ ಅನ್ನುತ್ತಾರೆಯೇ? ಒಳಗೆ ನಡೆದಳು. ಟಾರ್ಚಿನ ಬೆಳಕು ಬೆಂಚಿನ ಮೇಲೆ ಬಿತ್ತು. ಬೆಂಚು ಖಾಲಿ. ಮೂಲೆಗೆ ಬಿಟ್ಟಳು. ಮೂಲೆಯೂ ಖಾಲಿ. ಅವಳ ಪಕ್ಕದಲ್ಲೇ ಬರಿಗಾಲಿನ ಸದ್ದು... ತಪ್, ತಪ್, ತಪ್... ದಾಟಿಕೊಂಡು ಹೋಯಿತು. ಮೈಗೆ ಮೈ ತಾಗುವಷ್ಟು ಹತ್ತಿರ.

ಕಿರ್ರ್... ಬಾಗಿಲು ಮುಚ್ಚಿತು.

ಆಮೇಲೆ ಹೊರಗಿನಿಂದ ಒಂದು ದನಿ ಬಂತು.

“ಯಾರಾದ್ರೂ ಇದ್ದೀರಾ?”

ಅದು ಅವಳದೇ ದನಿ. ‘ಯಾರಾದ್ರೂ’ ಅನ್ನುವಾಗ ಅವಳು ಎಳೆಯುವ ಹಾಗೇ ಎಳೆದಿತ್ತು.

“ಇದ್ದೀನಿ! ನಾನಿದ್ದೀನಿ!” ಬಾಗಿಲಿಗೆ ಬಿದ್ದು ಬಡಿದಳು. “ತೆಗೀರಿ! ನನ್ನ ಮಗು ಮನೇಲಿದೆ!”

“ಯಾರಾದ್ರೂ ಇದ್ದೀರಾ?” ಎರಡನೇ ಸಲ... ಮೂರನೇ ಸಲ. ಗಂಟಲು ಹರಿಯುವ ಹಾಗೆ ಕಿರುಚಿದಳು. ಹೊರಗಿದ್ದದ್ದು ಹತ್ತು ಉಸಿರು ಕಾಯಿತು. ಬಾಗಿಲಿನ ಆಚೆಯಿಂದ ಒಂದೊಂದು ಉಸಿರೂ ಅವಳಿಗೆ ಕೇಳಿಸಿತು.

ಖಟಕ್.

ಚಿಲಕ ಬಿತ್ತು. ಬೀಗದ ಕೈ ಗಲಗಲ ಅನ್ನುತ್ತಾ ದೂರವಾಯಿತು. ಮುಂಬಾಗಿಲ ಹತ್ತಿರ ಯಾರೋ ಚಪ್ಪಲಿ ಮೆಟ್ಟಿಕೊಂಡ ಸದ್ದು. ಚಟ್ ಚಟ್ ಚಟ್... ಅವಳದೇ ಚಪ್ಪಲಿ. ತೋಟ ದಾಟಿ ಗೇಟಿನ ಕಡೆ ಹೋಯಿತು. ಗೋಡೆಯ ಮೇಲೆ, ಕೈಗೆ ಎಟುಕದಷ್ಟು ಎತ್ತರದಲ್ಲಿ, ಒಂದು ಜಾಲಂಧ್ರವಿತ್ತು. ಅಲ್ಲಿಂದ ಕಾವಲುಗಾರನ ಮಾತು ತೇಲಿ ಬಂತು.

“ಏನಕ್ಕಾ, ಇವತ್ತು ಲೇಟು?”

“ಹೌದಣ್ಣ... ಮಗು ಕಾಯ್ತಾ ಇದೆ.”

ಅಷ್ಟು ಕೇಳಿದ್ದೇ ಅವಳು ಬಾಗಿಲು ಬಿಟ್ಟು ಜಾಲಂಧ್ರದ ಕೆಳಗೆ ಓಡಿದಳು. ತಾನು ಒಳಗೆ ಸಿಕ್ಕಿಬಿದ್ದ ಭಯ ಅದರ ಮುಂದೆ ಏನೇನೂ ಅಲ್ಲ. ಇಲ್ಲಿಂದ ಹೊರಟದ್ದು ತನ್ನ ಮನೆಗೆ ಹೋಗುತ್ತಿದೆ. ಅತ್ತೆ ಬಾಗಿಲು ತೆಗೆಯುತ್ತಾರೆ. ಕೂಸು ಕೈಚಾಚುತ್ತದೆ. ಫೋನನ್ನು ಹೊರಡುವ ಅವಸರದಲ್ಲಿ ಮುಂಬಾಗಿಲ ಪಕ್ಕದ ಕಪಾಟಿನಲ್ಲೇ ಮರೆತಿದ್ದಳು. ಚಿತ್ರಗಳಿರುವ ಕಡೆ ಫೋನು ತರಬಾರದು ಅಂತ ನಿಯಮ. ಕಾವಲುಗಾರನನ್ನು ಕೂಗಿದಳು, ಅವನ ಮಾತು ಇತ್ತ ಬಂದ ಹಾಗೆ ಇವಳ ದನಿ ಅತ್ತ ಹೋಗಲಿಲ್ಲ. ಅತ್ತಳು, ಬೆಂಚನ್ನು ಗೋಡೆಗೆ ಎಳೆದು ಹತ್ತಿದಳು. ಜಾಲಂಧ್ರ ಇನ್ನೂ ಒಂದು ಮೊಳ ಮೇಲೆ. ಬಾಗಿಲು ಬಡಿದು ಬಡಿದು ಅಂಗೈ ಊದಿಕೊಂಡಿತು. ಬೆಟ್ಟದ ಚಳಿ ಕಲ್ಲಿನ ನೆಲದಿಂದ ಏರುತ್ತಿತ್ತು. ಎದೆ ಕಲ್ಲಾಗಿ ನೋಯುತ್ತಿತ್ತು.

ಗೋಪುರದ ಗಡಿಯಾರ ಹೊಡೆಯಲು ಶುರುವಾಯಿತು. ಢಣ್... ಢಣ್... ಒಂಬತ್ತು.

ಕೊನೆಯ ಏಟು ಬಿದ್ದ ಮೇಲೆ ಎದೆಯ ಬಿಗಿ ಇಳಿಯತೊಡಗಿತು. ಮೊದಲು ಎಡಕ್ಕೆ. ಸ್ವಲ್ಪ ಹೊತ್ತಿನ ಮೇಲೆ ಬಲಕ್ಕೆ. ರವಿಕೆ ಮುಟ್ಟಿ ನೋಡಿಕೊಂಡಳು... ಒಂದು ಹನಿಯೂ ಒದ್ದೆಯಾಗಿರಲಿಲ್ಲ. ಆದರೆ ಎದೆ ಹಗುರ. ಕೂಸು ಹೊಟ್ಟೆ ತುಂಬ ಕುಡಿದು ಬಿಟ್ಟ ಮೇಲೆ ಆಗುತ್ತದಲ್ಲ, ಹಾಗೆ.

ಎಲ್ಲೋ ತನ್ನ ಕೂಸು ಕುಡಿಯುತ್ತಿದೆ ಅಂತ ತಾಯಿಗೆ ಗೊತ್ತಾಯಿತು. ಹಸಿದು ಅಳುತ್ತಿಲ್ಲವಲ್ಲ ಅಂತ ಒಂದು ಗಳಿಗೆ ಸಮಾಧಾನವೂ ಆಯಿತಂತೆ. ಅದನ್ನು ನನ್ನ ಹತ್ತಿರ ಹೇಳುವಾಗ ಅವಳಿಗೆ ನಾಚಿಕೆಯಾಗಿತ್ತು.

ಬೆಳಿಗ್ಗೆ ಕಸ ಗುಡಿಸಲು ಬಂದವಳು ಬಾಗಿಲು ತೆಗೆದಳು. ಗಡಿಬಿಡಿ ಬರಿಗಾಲಿನಲ್ಲೇ ಓಡಿದಳು. ಗೇಟಿನಲ್ಲಿ ಕಾವಲುಗಾರ ಬಾಯಿಬಿಟ್ಟುಕೊಂಡು ನಿಂತ. “ಅಕ್ಕಾ, ರಾತ್ರಿ ನೀವೇ ತಾನೆ ಬೀಗದ ಕೈ ಕೊಟ್ಟು ಹೋಗಿದ್ದು?” ಅವಳು ನಿಲ್ಲಲಿಲ್ಲ. ಅಷ್ಟೂ ಮೆಟ್ಟಿಲನ್ನು ಹೇಗೆ ಇಳಿದಳೋ ಅವಳಿಗೇ ನೆನಪಿಲ್ಲ.

ಅತ್ತೆ ಹಾಲು ಕಾಯಿಸುತ್ತಿದ್ದರು. ತಲೆ ಎತ್ತಲೂ ಇಲ್ಲ.

“ಇದೇನೇ, ಈಗ ತಾನೆ ಹೋದೆ, ಆಗಲೇ ವಾಪಸ್ ಬಂದ್ಯಾ?”

“ಮಗು... ಮಗು ಎಲ್ಲತ್ತೆ?”

“ಮಲಗಿದೆ. ರಾತ್ರಿಯೆಲ್ಲ ತೊಡೆ ಮೇಲಿಂದ ಇಳಿಸಲೇ ಇಲ್ಲವಲ್ಲ ನೀನು. ಕೆಳಗೆ ಹಾಕಿ ಮಲಕ್ಕೋ ಅಂದ್ರೆ, ‘ಇವತ್ತೊಂದು ದಿನ ಅತ್ತೆ’ ಅಂದೆ.”

ಆ ಅತ್ತೆ ಇವತ್ತಿಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಕಣ್ಣು ಮಂಜಾಗಿತ್ತು ಅಂತ ಮಾತ್ರ ಯಾರೂ ಹೇಳಬೇಡಿ.

ಗಡಿಬಿಡಿ ಹೊದಿಕೆ ಸರಿಸಿ ಕೂಸನ್ನು ಬಾಚಿಕೊಂಡಳು. ಮೈಯೆಲ್ಲ ತಡಕಿ ನೋಡಿದಳು. ಒಂದು ಗೀರಿಲ್ಲ, ಒಂದು ಗುರುತಿಲ್ಲ. ಕೂಸು ಆಕಳಿಸಿ ಮತ್ತೆ ಅವಳ ಹೆಗಲಿಗೆ ಒರಗಿತು. ಆಮೇಲೆ ಅದರ ಕೈ ಅವಳ ಕೆನ್ನೆಗೆ ತಾಗಿತು... ಬೆರಳುಗಳು ನುಣ್ಣಗಿದ್ದವು.

ಯಾರೋ ಉಗುರು ಕತ್ತರಿಸಿದ್ದರು. ಕೈಯದು ಹತ್ತು, ಕಾಲಿನದು ಹತ್ತು. ಒಂದೊಂದೂ ಗುಂಡಗೆ, ಒಂದು ಮೂಲೆ ಕೂಡ ಉಳಿಯದ ಹಾಗೆ. ಎಲ್ಲಿ ಚರ್ಮಕ್ಕೆ ತಾಗುತ್ತದೋ ಅಂತ ಹೆದರಿ ಗಡಿಬಿಡಿ ಆ ಕೂಸಿನ ಉಗುರಿಗೆ ಒಂದು ದಿನವೂ ಕತ್ತರಿ ತಾಗಿಸಿದವಳಲ್ಲ. ಅದು ಗಂಡನ ಕೆಲಸ, ಅವನಿನ್ನೂ ಓಟದಿಂದ ಬಂದಿರಲಿಲ್ಲ. ಅತ್ತೆಯನ್ನು ಕೇಳಿದರೆ, “ನಾನ್ಯಾಕೆ ಮುಟ್ಲಿ?” ಅಂದರು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಾರನೇ ದಿನ ನಾನೇ ಹೋಗಿ, ಆ ಕೂಸಿನ ಬೆರಳು ಒಂದೊಂದೇ ಬಿಡಿಸಿ ನೋಡಿದ್ದೇನೆ. ಇಪ್ಪತ್ತೂ.