ಕನ್ನಡದಲ್ಲಿ ಹೇಳು

ಇಲ್ಲ ಡಾಕ್ಟ್ರೇ, ಯಾರೂ ಮುಟ್ಟಲೇ ಇಲ್ಲ. ಅದನ್ನೇ ಹೇಳುತ್ತಿದ್ದೇನೆ. ರೈಡಿಗೆ ಹೋದ, ಗೆರೆ ದಾಟಿದ, ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ ದನಿ ನಡುವೆಯೇ ನಿಂತಿತು... ಮೊಣಕಾಲು ಮಡಚಿಕೊಂಡು ಕುಸಿದ. ಎದುರಿನವರು ಉಲ್ಹಾಸನಗರದ ತಂಡದವರು, ಅವರೂ ಗಾಬರಿಯಾಗಿ ಹಿಂದೆ ಸರಿದರು. ಕೈ ಆಡಿಸು ಎಂದೆ, ಆಡಲಿಲ್ಲ. ಕಾಲು ಚಿವುಟಿದೆ. ಯಾವಾಗ ಚಿವುಟುತ್ತೀರಿ ಎಂದು ಕೇಳಿದ.

ಹೆಸರು ಭೀಮು. ಇಪ್ಪತ್ತೆರಡು ವಯಸ್ಸು. ಮನೆಯವರು ಗುಲ್ಬರ್ಗದ ಕಡೆಯವರು, ಇವನು ಹುಟ್ಟಿದ್ದು ಇಲ್ಲಿ, ಠಾಣೆಯಲ್ಲಿ. ವಾಗ್ಳೆ ಎಸ್ಟೇಟಿನ ಗೋದಾಮಿನಲ್ಲಿ ತಂದೆಯ ಜೊತೆ ಹಮಾಲಿ. ಹೊರಗೆ ಬೆಂಚಿನ ಮೇಲೆ ಸೆರಗು ಕಚ್ಚಿಕೊಂಡು ಕೂತಿದ್ದಾರಲ್ಲ, ಅವರೇ ತಾಯಿ ಚಂದ್ರಬಾಯಿ. ನಾನು ರಮಾಕಾಂತ, ಡೊಂಬಿವಲಿಯ ಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕ. ನಮ್ಮ ಕನ್ನಡ ಸಂಘದ ಕಬಡ್ಡಿ ತಂಡವನ್ನು ನೋಡಿಕೊಳ್ಳುವವನೂ ನಾನೇ. ನೀವು ಕನ್ನಡದವರೆಂದು ತಿಳಿದು ಸ್ವಲ್ಪ ಧೈರ್ಯ ಬಂತು. ನಿಮ್ಮಲ್ಲಿ ಕೇಳಬೇಕಾದದ್ದು ಇಷ್ಟೇ: ಈಗಲೇ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆ, ಇಲ್ಲಿಯೇ ಇರಿಸಬೇಕೆ? ಬೆನ್ನಿನಲ್ಲಿ ಏನೋ ಹಿಡಿದುಕೊಂಡಿರಬೇಕು. ಎದ್ದು ನಿಲ್ಲುತ್ತಾನಷ್ಟೆ?

ಬೆನ್ನಲ್ಲವೇ? ಎಲ್ಲಿ... ಎಕ್ಸ್‌ರೇಯಲ್ಲಿ ನೀವು ತೋರಿಸುತ್ತಿರುವ ಈ ಜಾಗ... ಓ.

ಹೇಗೆ ಎತ್ತಿ ತಂದಿರಿ ಎಂದರೆ, ಕೈಕಾಲು ಹಿಡಿದು ಎತ್ತಿ, ಟೆಂಪೋದಲ್ಲಿ ಮಲಗಿಸಿ ತಂದೆವು. ತಲೆಯನ್ನೇ? ತಲೆಯನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಏಕೆ ಪೆನ್ನು ಕೆಳಗಿಟ್ಟಿರಿ?

ಸರಿ, ಮೊದಲಿನಿಂದ ಸ್ಪಷ್ಟವಾಗಿ ಹೇಳುತ್ತೇನೆ. ಸ್ಪಷ್ಟವಾಗಿ ಹೇಳುವುದನ್ನು ಕಲಿಸುವುದೇ ನನ್ನ ಉದ್ಯೋಗ. ಕುಸಿಯುವುದಕ್ಕೆ ಮೊದಲು ಇನ್ನೊಂದು ಸಲ ಬಿದ್ದಿದ್ದ. ಮುಚ್ಚಿಡುವ ಉದ್ದೇಶವಿರಲಿಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೊಳೆಯಲಿಲ್ಲ, ಅಷ್ಟೇ. ಅದಕ್ಕೆ ಹಿಂದಿನ ರೈಡಿನಲ್ಲಿ ಎದುರಿನವರಲ್ಲಿ ಇಬ್ಬರು ಕಾಲು ಹಿಡಿದರು, ಒಬ್ಬ ಸೊಂಟ ಹಿಡಿದು ಎತ್ತಿದ. ತಲೆ ಕೆಳಗಾಗಿ ಬಿದ್ದ. ಗಟ್ಟಿ ನೆಲ. ಆದರೆ ತಾನೇ ಎದ್ದ, ತಾನೇ ನಡೆದ, ಗೆರೆಯ ಹೊರಗೆ ಬಂದು ಕೂತ. ಆಮೇಲೆ ನಮ್ಮವರು ಒಂದು ಅಂಕ ಗಳಿಸಿದರು, ಭೀಮುವಿಗೆ ಜೀವ ಬಂತು... ಹಾಗಲ್ಲ, ಅದು ನಮ್ಮ ಆಟದ ಮಾತು. ಔಟಾದವನು ಮತ್ತೆ ಒಳಗೆ ಹೋಗಬಹುದು ಎಂದರ್ಥ. ಹೋದ.

ನಡುವೆ ಏನಾದರೂ ಹೇಳಿದನೇ? ಏನೂ ಇಲ್ಲ. ನೋವು ಎಂಬ ಶಬ್ದ ಅವನ ಬಾಯಿಂದ ಬರಲಿಲ್ಲ.

ಹಾಗೆ ನೋಡಬೇಡಿ. ನಮ್ಮ ತಂಡದಲ್ಲಿ ಒಂದು ನಿಯಮವಿದೆ. ಅದನ್ನು ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಈ ಹುಡುಗರು ಕನ್ನಡ ಕೇಳಿಸಿಕೊಳ್ಳುತ್ತಾರೆ, ಉತ್ತರವನ್ನು ಮರಾಠಿಯಲ್ಲಿ ಕೊಡುತ್ತಾರೆ. ತಾಯಿ ಕನ್ನಡದಲ್ಲಿ ಉಣ್ಣು ಎಂದರೆ ಮಗ ಮರಾಠಿಯಲ್ಲಿ ಬೇಡ ಎನ್ನುತ್ತಾನೆ. ಅದಕ್ಕೇ ನಾನು, ಮೈದಾನದಲ್ಲಾದರೂ ಕನ್ನಡವೇ ಆಡಬೇಕು ಎಂದೆ. ತಪ್ಪಿದವನು ಮೈದಾನ ಸುತ್ತಿ ಓಡಬೇಕು. ಏಕೆ ನಗುತ್ತೀರಿ? ಒಂದು ನುಡಿ ಒಂದೇ ತಲೆಮಾರಿನಲ್ಲಿ ಮನೆ ಬಿಟ್ಟು ಹೋಗುವುದನ್ನು ನೋಡುತ್ತ ಕೂರಲು ನನ್ನಿಂದ... ಓ, ನಕ್ಕದ್ದಲ್ಲವೇ. ಕ್ಷಮಿಸಿ.

ಹೌದು, ಬಂದಿದ್ದ. ಗೆರೆಯ ಹೊರಗೆ ನನ್ನ ಬಳಿ ಬಂದು ಮರಾಠಿಯಲ್ಲಿ ಏನೋ ಶುರುಮಾಡಿದ. ನಾನು ಬೆರಳೆತ್ತಿ, "ಕನ್ನಡದಲ್ಲಿ ಹೇಳು," ಎಂದೆ. ಪಾಪ, ತಡಕಾಡಿದ. ಶಬ್ದ ಸಿಗಲಿಲ್ಲ. ಕೊನೆಗೆ ಹೇಳಿದ: "ಸರ್... ನನ್ನ ಮಾನ ಹೋಯ್ತು."

ಕೂತಿದ್ದವರೆಲ್ಲ ನಕ್ಕರು. ಗುರುನಾಥನೆಂಬ ತುಂಟನಿದ್ದಾನೆ, ಒಂದು ಅಂಕ ಹೋದದ್ದಕ್ಕೇ ಇವನ ಮಾನ ಹೋಯಿತಂತೆ, ಪಂದ್ಯ ಸೋತರೆ ಊರು ಬಿಡುತ್ತಾನೇನೋ ಎಂದ. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಹೆಮ್ಮೆಪಟ್ಟೆ. ಅವನ ಬಾಯಿಂದ ಪೂರ್ತಿ ಒಂದು ಕನ್ನಡ ವಾಕ್ಯ ಬಂದದ್ದು ಅದೇ ಮೊದಲು. "ಹೋಗು, ಹೋದ ಮಾನವನ್ನು ಗೆದ್ದುಕೊಂಡು ಬಾ," ಎಂದು ಬೆನ್ನು ತಟ್ಟಿ ಕಳಿಸಿದೆ.

ಗೊತ್ತು ಡಾಕ್ಟ್ರೇ. ಮರಾಠಿಯಲ್ಲಿ ಮಾನ್ ಎಂದರೆ ಕುತ್ತಿಗೆ. ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಿತ್ಯ ರೈಲಿನಲ್ಲಿ, ಮಾರ್ಕೆಟ್ಟಿನಲ್ಲಿ ಆಡುವ ಭಾಷೆ. ಆದರೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಕನ್ನಡದಲ್ಲಿ ಹೇಳು ಎಂದವನ ಕಿವಿಗೆ ಅದು ಕನ್ನಡವಾಗಿಯೇ ಕೇಳಿಸಿತು. ನೀವಿದ್ದರೂ ಹಾಗೆಯೇ ಕೇಳಿಸಿಕೊಳ್ಳುತ್ತಿದ್ದಿರಿ. ಶಬ್ದದ ತಪ್ಪು ಅದು. ನನ್ನದೂ ಅಲ್ಲ, ಅವನದೂ ಅಲ್ಲ...

ಏನಾದರೂ ಹೇಳಿ. ಮುಂಬಯಿಗೆ ಒಯ್ಯಬೇಕೇ ಬೇಡವೇ? ಚಂದ್ರಬಾಯಿಗೆ ನಾನು ಏನು ಹೇಳಲಿ?

ನನ್ನ ಮಾತು ನಂಬಿಕೆಯಾಗುತ್ತಿಲ್ಲವೇ? ಬೇಕಾದರೆ ಇದ್ದದ್ದನ್ನು ಇದ್ದಂತೆ ತೋರಿಸುತ್ತೇನೆ, ನೋಡಿ. ನಾನು ಇಲ್ಲಿ ಕುರ್ಚಿಯಲ್ಲಿ. ಅವನು ಬಂದು ಹೀಗೆ ನಿಂತ. ಮೈತುಂಬ ಮಣ್ಣು. ತಲೆಯನ್ನು ಆಚೀಚೆ ತಿರುಗಿಸದೆ, ಇಡೀ ಮೈಯನ್ನೇ ನನ್ನ ಕಡೆಗೆ ತಿರುಗಿಸಿ, ಹೀಗೆ... ಎಡಗೈ ಹೀಗೆ... ಮಾನ ಹೋಯ್ತು ಎಂದ...

ಏನು ಡಾಕ್ಟ್ರೇ? ಏನು ನೋಡುತ್ತಿದ್ದೀರಿ?

ನನ್ನ ಕೈ...

ಹೌದು. ಇಲ್ಲೇ. ಅವನೂ ಕುತ್ತಿಗೆಯನ್ನು ಹೀಗೆಯೇ ಹಿಡಿದುಕೊಂಡು ನಿಂತಿದ್ದ.