ಗಾಡಿ ಸುತ್ತ ಪ್ರದಕ್ಷಿಣೆ

ಆಯ್ತಾ ಪ್ರದಕ್ಷಿಣೆ? ಇನ್ನೊಂದು ಸುತ್ತು ಹಾಕ್ಬಿಡು ವೆಂಡೆಲ್, ಟ್ರಕ್ಕು ಒಲಿದು ವರ ಕೊಟ್ರೂ ಕೊಟ್ಟೀತು! ನೋಡಲ್ಲಿ, ಡೀಸೆಲ್ ಹಾಕಿಸ್ಕೊಳ್ಳೋರೆಲ್ಲ ನಗ್ತಿದಾರೆ. ಇಡೀ ನೆಬ್ರಾಸ್ಕದಲ್ಲಿ ಈ ಅತ್ತೆಗಿದ್ದ ಮರ್ಯಾದೆನ ಒಬ್ಬ ಅಳಿಯ ಬಂದು ಕಳೆದ.

ಹತ್ಕೋ, ಸುಮ್ನೆ ಕೂತ್ಕೋ... ಅಯ್ಯೋ, ಮತ್ತೆ ಶುರುವಾಯ್ತಲ್ಲ ಹಿಮ್ಮಡಿ ಎತ್ತೋದು, ಇಳಿಸೋದು! ಏನು, ಹೊಲಿಗೆ ಮಿಷನ್ ತುಳೀತಿದೀಯಾ?

ಏನಂದೆ? ಕೂತೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತಾ? ಹಾಲಾ ಅದು, ಹೆಪ್ಪುಗಟ್ಟೋಕೆ! ಅಲ್ಲಿಂದ ಎದೆಗೆ ಹೋಗುತ್ತಂತೆ! ಕಂಪನಿಯೋರು ಒಂದು ವಿಡಿಯೋ ತೋರಿಸಿದ್ರು, ಇವನು ಡಾಕ್ಟರ್ ಆಗ್ಬಿಟ್ಟ. ಈ ಟ್ರಕ್ಕಲ್ಲಿ ಕೂತೇ ನಿನ್ನ ಹೆಂಡ್ತಿ ಡಾರ್ಲಾನ ಸಾಕಿದೀನಿ ಕಣಯ್ಯಾ. ನೀರು ಕುಡಿದ್ರೆ ಗಾಡಿ ನಿಲ್ಲಿಸ್ಬೇಕು ಅಂತ ನೀರೂ ಕುಡೀತಿರ್ಲಿಲ್ಲ. ಈಗ್ಲೂ ಅಷ್ಟೇ. ನೀನೋ, ಗಟಗಟ ಕುಡಿಯೋದು, ಕಂಡಕಂಡಲ್ಲಿ ಇಳಿಯೋದು. ಮದುವಣಗಿತ್ತಿನೂ ಇದಕ್ಕಿಂತ ಬೇಗ ಹೊರಡ್ತಾಳೆ!

ರಕ್ತ ಓಡ್ಲಿ ಅಂತ ಆ ಬಿಗಿ ಕಾಲುಚೀಲ ಬೇರೆ! ಡಾರ್ಲಾ ನನಗೂ ಒಂದು ಜೊತೆ ತಂದ್ಕೊಟ್ಲು. ಎಂಜಿನ್ ಆಯಿಲ್ ಒರೆಸ್ತೀನಿ ಅದ್ರಲ್ಲಿ. ಚೆನ್ನಾಗಿ ಒರೆಸುತ್ತೆ.

ಹೂಂ, ಗಾಡಿ ತೆಗಿ... ನಾನಾ? ನಾನ್ಯಾಕೆ ಓಡಿಸ್ಲಿ? ನೀನು ಕಲೀಲಿ ಅಂತ ಮೊನ್ನೆಯಿಂದ ಸ್ಟಿಯರಿಂಗ್ ಬಿಟ್ಟುಕೊಟ್ಟಿದೀನಿ, ಅದು ನನ್ನ ದೊಡ್ಡ ಗುಣ! ಊಟಕ್ಕೂ ಇಳಿಯಲ್ಲ, ನೀನೇ ತಂದ್ಕೊಡು. ಅತ್ತೆ ಅಂದ್ಮೇಲೆ ಅಷ್ಟೂ ಗತ್ತು ಬೇಡ್ವಾ? ಸೋಮವಾರ ಡಾಕ್ಟರ್ ತಪಾಸಣೆ ಇದೆ ನಂದು. ಅದೊಂದು ಪಾಸಾಗ್ಲಿ, ಆಮೇಲೆ ತೋರಿಸ್ತೀನಿ ಓಡಿಸೋದು ಅಂದ್ರೇನು ಅಂತ. ಪಾಸಾಗ್ಲೇಬೇಕು. ಇಲ್ದಿದ್ರೆ ಲೈಸೆನ್ಸ್ ಹೋಯ್ತು, ಮನೇಲಿ ಕೂತು ನಿನ್ನ ಮುಖ ನೋಡ್ಬೇಕು.

ಯಾಕೆ ಎಂಜಿನ್ ಆಫ್ ಮಾಡ್ದೆ?

ಏನ್ ನೋಡ್ತಿದೀಯಾ? ಬೂಟು. ಬೂಟು ನೋಡಿಲ್ವಾ? ಸೆಕೆ ಅಂತ ಲೇಸು ಸಡಿಲ ಮಾಡಿದೀನಿ, ಒಂದು ಕಾಲಿಗೇ ಸೆಕೆ ಆಗ್ಬಾರ್ದಾ?... ಏಯ್, ಮುಟ್ಬೇಡ! ಮುಟ್ಬೇಡ ಅಂದ್ನಲ್ಲ!

...ಬಿಚ್ಚಿಲ್ಲ. ಮಲಗುವಾಗ್ಲೂ ಬಿಚ್ಚಿಲ್ಲ. ಬಿಚ್ಚಿದ್ರೆ ಊದಿದ ಕಾಲು ಮತ್ತೆ ತೂರಲ್ಲ ಅಂತ ಗೊತ್ತಿತ್ತು.

ಬೈಯೋದಾದ್ರೂ ಬೈ. ಹಂಗೆ ನೋಡ್ಬೇಡ...

ಡಾರ್ಲಾಗೆ ಆಮೇಲೆ ಹೇಳು. ಮೊದ್ಲು ಆಂಬುಲೆನ್ಸ್ ಕರಿ. ಬೆಳಗ್ಗೆಯಿಂದ ಉಸಿರು ಎಳ್ಕೊಂಡ್ರೆ ಚುಚ್ತಿದೆ ಕಣಪ್ಪಾ. ನನಗೆ ಭಯ ಆಗ್ತಿದೆ.