ಬೆಲ್ಟ್ ಕೇಳದ ಬೆಲ್ ಏರ್

ಎಪ್ಪತ್ತನಾಲ್ಕರ ಚಳಿಗಾಲ, ಅಮೆರಿಕದಲ್ಲೆಲ್ಲ ಪೆಟ್ರೋಲಿಗೆ ಬರ. ಪಿಸ್ಕಾಟವೇಯ ಗ್ಯಾಸ್ ಸ್ಟೇಷನ್ನಿನ ಉದ್ದನೆಯ ಕ್ಯೂನಲ್ಲಿ ಕಾಲು ಸಡಿಲಿಸಲು ಕಾರಿನಿಂದ ಇಳಿದ ಉಷಾಳಿಗೆ ಮುಂದಿದ್ದ ಹೊಸ ಇಂಪಾಲಾ ಕಾರಿನಿಂದ ಕನ್ನಡ ಕೇಳಿಸಿತು. ಅದರ ಮುಂದಿನ ಸೀಟಿನಲ್ಲಿ ಕಲ್ಲಿನ ಗಣಪತಿ ಕೂತಿದ್ದ. ಓಡಿಸುವವರು ಎಷ್ಟು ಕೀಲಿ ತಿರುಗಿಸಿದರೂ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ; ಹಿಂದಿನ ಸೀಟಿನ ಯುವಕ ಅವರಿಗೆ ಹೇಳುತ್ತಿದ್ದ.

“ಗಣಪತಿಗೂ ಬೆಲ್ಟ್ ಹಾಕ್ಬೇಕು, ಭಾವ. ಸೀಟ್ ಮೇಲೆ ಭಾರ ಇದ್ದು ಬೆಲ್ಟ್ ಹಾಕದಿದ್ರೆ ಈ ಕಾರು ಸ್ಟಾರ್ಟೇ ಆಗಲ್ಲ.”

“ದೇವರಿಗೂ ಬೆಲ್ಟೇ! ನನ್ನ ಹಳೇ ಕಾರು, ಐವತ್ತೇಳರ ಬೆಲ್ ಏರ್, ಯಾರನ್ನೂ ಏನೂ ಕೇಳ್ತಿರಲಿಲ್ಲ ಕಣೋ ಶ್ರೀನಿ.”

“ಅದರಲ್ಲಿ ಬೆಲ್ಟೇ ಇರಲಿಲ್ಲವಲ್ಲ.”

“ಬೇಕೂ ಇರಲಿಲ್ಲ. ಡ್ಯಾಶ್‌ಬೋರ್ಡ್ ನೋಡಿದ್ಯಾ? ಗಟ್ಟಿ ಉಕ್ಕು!”

“ಎಷ್ಟು ಗಟ್ಟಿ ಅಂತ ಅಕ್ಕನ ಹಣೆ ನೋಡಿದ್ರೆ ಗೊತ್ತಾಗತ್ತೆ, ಭಾವ. ಹೊಲಿಗೆ ಇನ್ನೂ ಕಾಣತ್ತೆ.”

ಕ್ಯೂನಲ್ಲಿ ಹಿಂದಿದ್ದವರು ಹಾರ್ನ್ ಹೊಡೆದರು. ಭಾವ ಬಾಗಿ, ಗಣಪತಿಯ ಹೊಟ್ಟೆಗೆ ಸುತ್ತಿದ ಹಾವಿನ ಮೇಲೆಯೇ ಬೆಲ್ಟ್ ಬಿಗಿದು, ಎರಡು ಸಲ ಎಳೆದು ನೋಡಿದರು. ಇಂಪಾಲಾ ಮುಂದೆ ಸರಿಯಿತು.